ಹೊಳಪು ತೆಗೆದ್ರೆ ಊರು ಕಾಣುತ್ತೆ: ಚನ್ನಪಟ್ಟಣವನ್ನ 87 ಪಟ್ಟು ಚಿಕ್ಕದು ಮಾಡೋದು ಹೇಗೆ?

(ಈ ವಾರದ ಸಂಚಿಕೆಯ ಬರಹ ರೂಪ. ಓದೋಕೆ ಸುಲಭ ಆಗ್ಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ರೈಲಲ್ಲೇ ಇದನ್ನ ಕೇಳ್ತಿರೋರು ಯಾರಾದ್ರೂ ಇದ್ರೆ, ಒಂದು ನಿಮಿಷ ಕಿಟಕಿಯಿಂದ ಹೊರಗೆ ನೋಡಿ. ಬಿಡದಿ ದಾಟಿ ರಾಮನಗರದ ಕಡೆ ಬರ್ತಿದ್ರೆ ಇನ್ನೂ ಒಳ್ಳೇದು. ಬಂಡೆ ಕಾಣ್ತಿದ್ಯಾ? ಅದು ಯಾವ ಬಣ್ಣ?

ಬೂದು ಅಂತ ಹೇಳಿದ್ರಿ ಅಲ್ವಾ? ನಾನೂ ಅದನ್ನೇ ಹೇಳ್ತಿದ್ದೆ. ಹುಟ್ಟಿದಾಗಿಂದ ಆ ಬಂಡೆ ನೋಡ್ತಿದ್ದೀನಿ, ಬಿ.ಕಾಂ ಓದೋವಾಗ ದಿನಾ ಅದರ ಮುಂದೇನೇ ಓಡಾಡಿದ್ದೀನಿ. ಅದು ಬೂದು ಅಲ್ಲ ಅಂತ ಗೊತ್ತಾಗಿದ್ದು ಹೋದ ವರ್ಷ, ಅದಕ್ಕೆ ಬಣ್ಣ ಹಚ್ಚೋಕೆ ಕೂತಾಗ. ನಿಜವಾದ ಬಂಡೆಗಲ್ಲ, ಮನೆಯ ಟೇಬಲ್ ಮೇಲೆ ನಾನು ಮಾಡ್ಕೊಂಡಿರೋ ಬಂಡೆಗೆ.

ಇವತ್ತಿನ ವಿಷಯ ಮಾಡೆಲ್ ರೈಲು. ರೈಲಿಗಿಂತ ಜಾಸ್ತಿ ಅದರ ಸುತ್ತ ಇರೋ ಊರು: ಬೆಟ್ಟ, ಹೊಲ, ತೆಂಗಿನ ಮರ, ಅಂಗಡಿ, ಜನ. ಅದನ್ನ ನಿಜ ಅನ್ನಿಸೋ ಹಾಗೆ ಕಟ್ಟೋದು ಹೇಗೆ, ಬಣ್ಣ ಹಚ್ಚೋದು ಹೇಗೆ, ದುಡ್ಡು ಎಲ್ಲಿ ಉಳಿಸಬಹುದು, ನಾನು ಎಲ್ಲೆಲ್ಲಿ ಎಡವಿದೆ. ಮಧ್ಯದಲ್ಲಿ ನಮ್ಮ ಚಿಕ್ಕಪ್ಪನೂ ಬರ್ತಾರೆ. ಅವರು ಚನ್ನಪಟ್ಟಣದಲ್ಲಿ ಬೊಂಬೆ ಕೆಲಸ ಮಾಡೋರು, ನಲವತ್ತು ವರ್ಷದಿಂದ.

ಮೊದಲು ಲೆಕ್ಕ

ಕಾಮರ್ಸ್ ಓದಿದವನು ಅಂದ್ಮೇಲೆ ಲೆಕ್ಕದಿಂದಲೇ ಶುರು ಮಾಡ್ತೀನಿ. ಮಾಡೆಲ್ ರೈಲಿನಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರೋದು ಎಚ್‌ಒ ಸ್ಕೇಲ್, ಅಂದ್ರೆ 1:87. ನಿಜವಾದ ವಸ್ತುವಿನ ಅಳತೆಯನ್ನ 87ರಿಂದ ಭಾಗಿಸಿ, ಅಷ್ಟೇ.

ಐದೂವರೆ ಅಡಿ ಮನುಷ್ಯ 19 ಮಿಲಿಮೀಟರ್ ಆಗ್ತಾನೆ, ಹೆಚ್ಚು ಕಡಿಮೆ ನಿಮ್ಮ ಉಗುರಿನಷ್ಟು. ಹಳೇ ನೀಲಿ ಐಸಿಎಫ್ ಬೋಗಿ ಸುಮಾರು 21.3 ಮೀಟರ್ ಉದ್ದ, ಅದು 24.5 ಸೆಂಟಿಮೀಟರ್ ಆಗುತ್ತೆ. ಹಳಿ ಕೆಳಗೆ ಹಾಕೋ 65 ಮಿಲಿಮೀಟರ್ ಜಲ್ಲಿ ಕಲ್ಲು ಮುಕ್ಕಾಲು ಮಿಲಿಮೀಟರ್ ಆಗುತ್ತೆ, ಅಂದ್ರೆ ಸಣ್ಣ ರವೆ.

ತೊಂದರೆ ಶುರುವಾಗೋದು ದೊಡ್ಡ ವಸ್ತುಗಳಲ್ಲಿ. ನೂರು ಮೀಟರ್ ಎತ್ತರದ ಒಂದು ಬಂಡೆಯನ್ನ 87ರಿಂದ ಭಾಗಿಸಿದ್ರೂ 1 ಮೀಟರ್ 15 ಸೆಂಟಿಮೀಟರ್ ಉಳಿಯುತ್ತೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಇರೋ ಹತ್ತು–ಹನ್ನೆರಡು ಕಿಲೋಮೀಟರ್‌ಗೆ ನೂರು ಮೀಟರ್‌ಗಿಂತ ಉದ್ದದ ಟೇಬಲ್ ಬೇಕು. ನನ್ನ ಹತ್ರ ಇದ್ದಿದ್ದು 8 ಅಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್. ಅದೂ ಮಂಚದ ಕೆಳಗೆ ಹೋಗ್ಬೇಕು, ಇಲ್ಲಾಂದ್ರೆ ಅಮ್ಮ ಒಪ್ಪಲ್ಲ.

ಹಾಗಾಗಿ ಆರಿಸ್ಕೋಬೇಕು. ಊರಿನ ಎಲ್ಲವನ್ನೂ ಕುಗ್ಗಿಸೋಕೆ ಹೋಗ್ಬೇಡಿ. ಊರು ಅಂತ ಗುರುತು ಸಿಗೋ ನಾಲ್ಕೈದು ವಿಷಯ ಆರಿಸಿ, ನಡುವಿನ ದೂರ ಕತ್ತರಿಸಿ ಹಾಕಿ. ಸಿನಿಮಾದವರು ಮಾಡೋದೂ ಇದನ್ನೇ. ‘ಶೋಲೆ’ ನೋಡಿದ್ದೀರಲ್ಲ, 1975ರದ್ದು. ರಾಮಗಢ ಅಂತ ಸೆಟ್ ಹಾಕಿದ್ದು ನಮ್ಮ ರಾಮನಗರದಲ್ಲಿ, ಆದರೆ ಆ ಫೇಮಸ್ ರೈಲು ದರೋಡೆ ಶೂಟ್ ಮಾಡಿದ್ದು ಮುಂಬೈ–ಪುಣೆ ಮಾರ್ಗದ ಪನ್ವೇಲ್ ಹತ್ತಿರ. ನೋಡೋವಾಗ ಎರಡೂ ಒಂದೇ ಊರು ಅನ್ಸುತ್ತೆ. ನಾನೂ ಹಾಗೇ ರಾಮದೇವರ ಬೆಟ್ಟದ ಥರದ ಬಂಡೆ, ಚನ್ನಪಟ್ಟಣದ ಸ್ಟೇಷನ್, ಹಳೇ ಮೈಸೂರು ರಸ್ತೆ ಬದಿಯ ಬೊಂಬೆ ಅಂಗಡಿ, ಒಂದು ಹಿಪ್ಪುನೇರಳೆ ತೋಟ, ಎಲ್ಲಾನೂ ಎಂಟು ಅಡಿಗೆ ತಂದೆ.

ಕನಕಪುರದ ನನ್ನ ಫ್ರೆಂಡ್ ಕೇಳಿದ, ‘ನಮ್ಮೂರಿಗೂ ಒಂದು ಸ್ಟೇಷನ್ ಹಾಕು ಮಗಾ’ ಅಂತ. ನಿಜವಾಗಿ ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗೋ ಲೈನ್ ದಶಕಗಳಿಂದ ಕಾಗದದ ಮೇಲೇ ಓಡ್ತಿದೆ. ಟೇಬಲ್ ಮೇಲಾದ್ರೂ ಓಡ್ಲಿ ಅಂತ, ಒಂದು ಮೂಲೆಯಿಂದ ಹೊರಗೆ ಹೋಗೋ ಹಾಗೆ ಒಂದು ಕವಲು ಹಳಿ ಹಾಕಿ, ಪಕ್ಕದಲ್ಲಿ ‘ಕನಕಪುರ ಕಡೆಗೆ’ ಅಂತ ಬೋರ್ಡ್ ನಿಲ್ಲಿಸಿದ್ದೀನಿ. ಬಜೆಟ್ ಹಂಚಿಕೆ ಬೇಗ ಆಯ್ತು.

ಹಳಿ ಬಗ್ಗೆ ಒಂದು ಮಾತು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದ್ರೆ 19.3 ಬರುತ್ತೆ. ಆದರೆ ಅಂಗಡಿಯಲ್ಲಿ ಸಿಗೋ ಎಚ್‌ಒ ಹಳಿ 16.5, ಯಾಕಂದ್ರೆ ಅದು ಯುರೋಪು–ಅಮೆರಿಕದ ಗೇಜ್‌ಗೆ ಮಾಡಿದ್ದು. ನಾನು 16.5ರಲ್ಲೇ ತೃಪ್ತಿಪಟ್ಟೆ. ತಾತ ಹೇಳ್ತಿದ್ದ ಮೀಟರ್‌ಗೇಜ್ ಕಾಲ ಮಾಡೋ ಆಸೆಯೂ ಇತ್ತು. ಬೆಂಗಳೂರು–ಮೈಸೂರು ಲೈನ್ 1880ರ ದಶಕದ ಆರಂಭದಿಂದ 1990ರ ದಶಕದವರೆಗೂ ಮೀಟರ್‌ಗೇಜ್ ಆಗಿತ್ತು. ಆದರೆ ಆ ಇಂಜಿನ್, ಆ ಬೋಗಿ ನಾನೇ ಮಾಡ್ಬೇಕು. ಮೊದಲನೇ ಸಲಕ್ಕೆ ಬೇಡ ಅಂತ ಬಿಟ್ಟೆ.

ಬಂಡೆ: ಲಡ್ಡು ಆಗದ ಹಾಗೆ

ಮೊದಲ ಬೆಟ್ಟ ಥರ್ಮೋಕೋಲ್‌ದು. ಚೆನ್ನಾಗಿ ಕೆತ್ತಿ, ಹಾರ್ಡ್‌ವೇರ್ ಅಂಗಡಿಯಿಂದ ಬೂದು ಸ್ಪ್ರೇ ಪೇಂಟ್ ತಂದು ಹೊಡೆದೆ. ಎರಡು ನಿಮಿಷದಲ್ಲಿ ಬೆಟ್ಟ ಕರಗಿ ಇಡ್ಲಿ ಹಿಟ್ಟಿನ ಥರ ಕುಸಿದುಹೋಯ್ತು. ಸ್ಪ್ರೇಯಲ್ಲಿರೋ ದ್ರಾವಕ ಥರ್ಮೋಕೋಲ್‌ನ ತಿಂದುಹಾಕುತ್ತೆ. ನೀರಲ್ಲಿ ಕಲಸೋ ಅಕ್ರಿಲಿಕ್ ಬಣ್ಣ ಮಾತ್ರ ಬಳಸಿ. ಅದಕ್ಕೂ ಮೊದಲು ಟಿಶ್ಯೂ ಪೇಪರ್‌ನ ತೆಳು ಫೆವಿಕಾಲ್ ನೀರಲ್ಲಿ ಅದ್ದಿ ಎರಡು ಪದರ ಅಂಟಿಸಿ. ಒಣಗಿದ ಮೇಲೆ ಗಟ್ಟಿ ಚರ್ಮ ಬರುತ್ತೆ.

ಎರಡನೇ ಬೆಟ್ಟ ಲಡ್ಡು ಥರ ಕಾಣ್ತಿತ್ತು. ಯಾಕೆ ಅಂತ ತಿಳ್ಕೊಳ್ಳೋಕೆ ರಾಮದೇವರ ಬೆಟ್ಟಕ್ಕೆ ಹೋಗಿ ಅರ್ಧ ದಿನ ಕೂತೆ. ನಮ್ಮ ಬಂಡೆಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಹೆಸರು. ಕ್ಲೋಸ್‌ಪೇಟ್ ಅಂದ್ರೆ ರಾಮನಗರದ ಬ್ರಿಟಿಷ್ ಕಾಲದ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ಬಿಸಿಲು ಮಳೆಗೆ ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಬಿಡುತ್ತೆ. ಅದಕ್ಕೇ ಮೂಲೆಗಳು ದುಂಡಗೆ. ಆದರೆ ಒಳಗಿನ ಬಿರುಕುಗಳು ನೇರ. ಅಂದ್ರೆ ಆಕಾರ ದುಂಡು, ಸೀಳು ಮಾತ್ರ ಚಾಕುವಿನ ಗೆರೆ. ನನ್ನ ಬೆಟ್ಟಕ್ಕೆ ಸೀಳೇ ಇರಲಿಲ್ಲ, ಅದಕ್ಕೇ ಲಡ್ಡು.

ಇನ್ನು ಬಣ್ಣ. ಹತ್ತಿರ ಹೋಗಿ ನೋಡಿದ್ರೆ ಗುಲಾಬಿ ಛಾಯೆಯ ದೊಡ್ಡ ದೊಡ್ಡ ಹರಳು ಕಾಣುತ್ತೆ. ದೂರದಿಂದ ಅದೆಲ್ಲ ಬೆರೆತು ಬೂದು ಅನ್ಸುತ್ತೆ, ಆದರೆ ಬೆಚ್ಚಗಿನ ಬೂದು. ನಾನು ಹಚ್ಚೋ ಕ್ರಮ ಹೀಗಿದೆ:

ಒಂದು, ತಳಕ್ಕೆ ಬಿಳಿ, ಸ್ವಲ್ಪ ಕಪ್ಪು, ಒಂದು ಚಿಟಿಕೆ ಇಟ್ಟಿಗೆ ಕೆಂಪು ಬೆರೆಸಿದ ತಿಳಿ ಬೂದು.

ಎರಡು, ಕಂದು ಬಣ್ಣವನ್ನ ಟೀ ಡಿಕಾಕ್ಷನ್‌ನಷ್ಟು ತೆಳುವಾಗಿ ಮಾಡಿ ಮೇಲಿಂದ ಸುರೀರಿ. ಅದು ಸೀಳುಗಳಲ್ಲಿ ನಿಲ್ಲುತ್ತೆ, ಆಳ ತೋರಿಸುತ್ತೆ.

ಮೂರು, ಕಪ್ಪು ಪಟ್ಟೆ. ಸಾವನದುರ್ಗವನ್ನ ಮಾಗಡಿ ಕಡೆಯಿಂದ ನೋಡಿದೋರಿಗೆ ಗೊತ್ತು, ಬಂಡೆ ಮೇಲಿಂದ ಕೆಳಗೆ ಶಾಯಿ ಸುರಿದ ಹಾಗೆ ಗೆರೆಗಳಿರುತ್ತೆ. ಮಳೆ ನೀರು ಹರಿಯೋ ದಾರಿಯಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಬೆಳೆದು ಒಣಗಿ ಆಗೋ ಕಪ್ಪು ಅದು. ಹಾಗಾಗಿ ಗೆರೆ ಎಲ್ಲೆಂದರಲ್ಲಿ ಶುರುವಾಗಬಾರದು. ಮೇಲೊಂದು ಸೀಳೋ ಗುಂಡಿಯೋ ಇರಬೇಕು, ಅಲ್ಲಿಂದ ಇಳೀಬೇಕು. ಈ ಒಂದು ನಿಯಮ ಪಾಲಿಸಿದ್ರೆ ಸಾಕು, ಬೆಟ್ಟ ನಿಮ್ಮ ಊರಿನದಾಗುತ್ತೆ.

ನಾಲ್ಕು, ಕುಂಚಕ್ಕೆ ಕೆನೆ ಬಣ್ಣ ಮುಟ್ಟಿಸಿ, ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಕುಂಚದಲ್ಲಿ ಉಬ್ಬುಗಳ ಮೇಲೆ ಮಾತ್ರ ಆಡಿಸಿ.

ಐದು, ಎತ್ತರದ ಒಂದು ಅಂಚಿನ ಕೆಳಗೆ ಸ್ವಲ್ಪ ಸುಣ್ಣದ ಬಿಳಿ. ಅದು ರಣಹದ್ದಿನ ಹಿಕ್ಕೆ. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಹದ್ದು ಈಗ ಅಪರೂಪ ಆಗಿದೆ, ನನ್ನ ಮಾಡೆಲ್‌ನಲ್ಲೂ ಹದ್ದು ಇಲ್ಲ, ಬಿಳಿ ಕಲೆ ಮಾತ್ರ ಇದೆ.

ಮಣ್ಣು, ಹುಲ್ಲು, ಚಂದ್ರಿಕೆ

ಮಾರ್ಕೆಟ್‌ನಲ್ಲಿ ಸಿಗೋ ಇಂಪೋರ್ಟೆಡ್ ಹುಲ್ಲಿನ ಪುಡಿ ದುಬಾರಿ. ಅದಕ್ಕಿಂತ ಮುಖ್ಯವಾಗಿ ಅದು ಇಂಗ್ಲೆಂಡಿನ ಹಸಿರು. ನಮ್ಮೂರು ಮಾರ್ಚ್‌ನಲ್ಲಿ ಹಸಿರಿರಲ್ಲ, ಒಣಹುಲ್ಲಿನ ಬಣ್ಣ ಇರುತ್ತೆ.

ನಾನು ಬಳಸಿದ್ದು ಚಿಕ್ಕಪ್ಪನ ಲೇತ್ ಕೆಳಗೆ ಬೀಳೋ ಆಲೆ ಮರದ ಹೊಟ್ಟು. ಬೊಂಬೆ ಮಾಡೋದು ಆ ಮರದಲ್ಲೇ. ಬಿಳಿ ಮರ, ನಾರು ಬಹಳ ಸಣ್ಣ, ಹೊಟ್ಟೂ ಹಾಗೇ ನಯ. ಮೂರು ಜರಡಿ ಬೇಕು: ಹಿಟ್ಟಿನದು, ರವೆದು, ಟೀ ಸೋಸೋದು. ಜರಡಿ ಹಿಡಿದು, ನೀರು ಬೆರೆಸಿದ ಬಣ್ಣದಲ್ಲಿ ನೆನೆಸಿ, ಪೇಪರ್ ಮೇಲೆ ಬಿಸಿಲಿಗೆ ಒಣಗಿಸಿ. ಒಂದೇ ಬಣ್ಣ ಮಾಡ್ಬೇಡಿ. ಹಳದಿ, ಕಂದು, ಮಂಕು ಹಸಿರು ಮೂರನ್ನೂ ಬೇರೆ ಬೇರೆ ಮಾಡಿ, ಹಾಕೋವಾಗ ಬೆರೆಸಿ. ಫಾರಿನ್ ಪುಡಿ ಬರೋ ಮುಂಚೆ ಬಹಳ ಹವ್ಯಾಸಿಗಳು ಮರದ ಹೊಟ್ಟನ್ನೇ ಬಳಸ್ತಿದ್ರು.

ಮಣ್ಣು ನಮ್ಮ ಹೊಲದ್ದೇ. ಎರಡು ಎಚ್ಚರಿಕೆ. ಮೊದಲು ಹಳೇ ಬಾಣಲೆಯಲ್ಲಿ ಹುರೀರಿ, ಹುಳದ ಮೊಟ್ಟೆ ಇದ್ರೆ ಸಾಯ್ಲಿ. ಆಮೇಲೆ ಒಂದು ಮ್ಯಾಗ್ನೆಟ್‌ನ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಮಣ್ಣಲ್ಲಿ ಆಡಿಸಿ. ಕಪ್ಪು ಪುಡಿ ಅಂಟ್ಕೊಳ್ಳುತ್ತೆ, ಅದು ಕಬ್ಬಿಣದ ಅಂಶ. ಅದನ್ನ ತೆಗೀದೇ ಇದ್ರೆ ಇಂಜಿನ್ ಮೋಟರ್ ಒಳಗಿರೋ ಮ್ಯಾಗ್ನೆಟ್ ಎಳ್ಕೊಳ್ಳುತ್ತೆ, ಮೋಟರ್ ಹಾಳಾಗುತ್ತೆ.

ಜಲ್ಲಿ ಅಂಟಿಸೋದು ಹೀಗೆ. ಒಣ ಜಲ್ಲಿಯನ್ನ ಹಳಿ ನಡುವೆ ಹರಡಿ, ಕುಂಚದಲ್ಲಿ ಸಮ ಮಾಡಿ. ಅರ್ಧ ಫೆವಿಕಾಲ್, ಅರ್ಧ ನೀರು, ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿ, ಡ್ರಾಪರ್‌ನಲ್ಲಿ ಬಿಡಿ. ಲಿಕ್ವಿಡ್ ಹಾಕದಿದ್ರೆ ಅಂಟು ಗೋಲಿ ಥರ ನಿಂತು ಜಲ್ಲಿಯನ್ನೇ ಉರುಳಿಸುತ್ತೆ. ಹಾಕಿದ್ರೆ ಒಳಗೆ ಇಳಿಯುತ್ತೆ. ದುಡ್ಡು ಉಳಿಸೋಕೆ ಮೈದಾ ಗೋಂದು ಬಳಸೋರು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ. ಪುಸ್ತಕ ಕಟ್ಟೋರು ಹಾಗೇ ಮಾಡ್ತಾರೆ. ಅದು ವಿಷ, ಮಕ್ಕಳ ಕೈಗೆ ಸಿಗಬಾರದು. ಹಾಕದಿದ್ರೆ ಜಿರಳೆಗಳು ಊರು ತಿಂತಾವೆ.

ಹಿಪ್ಪುನೇರಳೆ ಸಾಲು ಸಾಲಾಗಿರುತ್ತೆ. ಮೂರಡಿ ಅಂತರದ ಸಾಲು ಅಂದ್ರೆ ನಮ್ಮಲ್ಲಿ ಒಂದು ಸೆಂಟಿಮೀಟರ್. ತೆಂಗಿನ ನಾರಿನ ತುಣುಕಿಗೆ ಅಂಟು ಮುಟ್ಟಿಸಿ ಹಸಿರು ಹೊಟ್ಟಿನಲ್ಲಿ ಹೊರಳಿಸಿದ್ರೆ ಒಂದು ಗಿಡ. ಮುನ್ನೂರು ಗಿಡ ಮಾಡೋವಷ್ಟರಲ್ಲಿ ನಾಲ್ಕು ಪಾಡ್‌ಕಾಸ್ಟ್ ಕೇಳಿ ಮುಗಿಸಿದ್ದೆ.

ನನಗೆ ಬಹಳ ಖುಷಿ ಕೊಟ್ಟಿದ್ದು ಚಂದ್ರಿಕೆ. ರೇಷ್ಮೆ ಹುಳ ಗೂಡು ಕಟ್ಟೋಕೆ ಬಿಡೋ ಬಿದಿರಿನ ತಟ್ಟೆ, ಚಾಪೆ ಮೇಲೆ ಸುರುಳಿ ಸುರುಳಿ ಬಿದಿರು ಪಟ್ಟಿ. ರಾಮನಗರದ ಸುತ್ತ ಹಳ್ಳಿ ಮನೆಗಳ ಗೋಡೆಗೆ ಒರಗಿಸಿಟ್ಟಿರ್ತಾರೆ. ಈಗ ಪ್ಲಾಸ್ಟಿಕ್ ನೇತ್ರಿಕೆಯೂ ಬಂದಿದೆ. ಸುಮಾರು 1.8 ಮೀಟರ್ ಉದ್ದ, 1.2 ಮೀಟರ್ ಅಗಲದ್ದು, ಮಾಡೆಲ್‌ನಲ್ಲಿ 21 ಮಿಲಿಮೀಟರ್ × 14 ಮಿಲಿಮೀಟರ್. ಕಾರ್ಡ್‌ಬೋರ್ಡ್ ಮೇಲೆ ಫೆವಿಕಾಲ್ ಸವರಿ, ಹೊಲಿಗೆ ದಾರವನ್ನ ಪಿನ್ ತುದಿಯಿಂದ ಸುರುಳಿ ಸುತ್ತಿದೆ. ಎರಡು ಚಂದ್ರಿಕೆ ಗೋಡೆಗೆ ಒರಗಿಸಿದ ತಕ್ಷಣ ಆ ಮನೆ ಯಾವ ತಾಲ್ಲೂಕಿನದು ಅಂತ ಯಾರೂ ಕೇಳಲಿಲ್ಲ.

ಹೊಳಪಿನ ಜಗಳ

ಈಗ ಜನ ಬೇಕು. 19 ಮಿಲಿಮೀಟರ್ ಜನ. ಚಿಕ್ಕಪ್ಪನ್ನ ಕೇಳಿದೆ. ಅವರು ನಕ್ಕರು. ಆಮೇಲೆ ಒಂದು ಆಲೆ ಕಡ್ಡಿ ಲೇತಿಗೆ ಸಿಕ್ಕಿಸಿ, ಒಂದೇ ಕಡ್ಡಿಯಲ್ಲಿ ಆರು ಜನರನ್ನ ಸಾಲಾಗಿ ಕಡೆದ್ರು. ತಲೆ, ಕುತ್ತಿಗೆ, ಸೊಂಟ. ತಿರುಗ್ತಿರೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರು. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡೀತು. ಮೇಲೆ ತಾಳೆ ಗರಿ ಒತ್ತಿದ್ರು, ಕನ್ನಡಿ ಥರ ಹೊಳಪು ಬಂತು. ಜಿಐ ಮಾನ್ಯತೆ ಪಡೆದಿರೋ ಚನ್ನಪಟ್ಟಣದ ಬೊಂಬೆ ಅಂದ್ರೆ ಅದೇ ಹೊಳಪು.

ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿದೆ. ಆರು ಜನ ಆರು ಗೋಲಿ ಥರ ಮಿಂಚಿದ್ರು. ಇಡೀ ಊರು ಆಟದ ಸಾಮಾನಾಗಿಬಿಡ್ತು.

ಕಾರಣ ಇದು. ವಸ್ತುವನ್ನ 87 ಪಟ್ಟು ಕುಗ್ಗಿಸಬಹುದು, ಬೆಳಕನ್ನ ಕುಗ್ಗಿಸೋಕಾಗಲ್ಲ. ಹೊಳೆಯೋ ಮೈ ಮೇಲೆ ಕೋಣೆಯ ಬಲ್ಬೇ ಪ್ರತಿಫಲಿಸುತ್ತೆ, ಕಣ್ಣು ತಕ್ಷಣ ‘ಇದು ಉಗುರಿನಷ್ಟಿದೆ’ ಅಂತ ಅಳೆದುಬಿಡುತ್ತೆ. ಅದಕ್ಕೇ ಮಾಡೆಲ್‌ನಲ್ಲಿ ನೀರು, ಗಾಜು, ಹಳಿಯ ಮೇಲ್ಮೈ ಬಿಟ್ಟು ಉಳಿದಿದ್ದೆಲ್ಲ ಮಂಕಾಗಿರಬೇಕು. ಮ್ಯಾಟ್ ವಾರ್ನಿಶ್ ಅಂತ ಸಿಗುತ್ತೆ. ಬೋಗಿಯ ಕೆಳಭಾಗಕ್ಕೆ ಕಂದು ಚಾಕ್‌ಪೀಸ್ ಪುಡಿ ಒರೆಸಿದ್ರೆ ಬ್ರೇಕ್ ಧೂಳು. ಹಳಿಯ ಬದಿಗೆ ತುಕ್ಕಿನ ಬಣ್ಣ ಹಚ್ಚಿ, ಮೇಲ್ಭಾಗ ಮಾತ್ರ ಒರೆಸಿ ಸ್ವಚ್ಛ ಮಾಡಿ, ಇಲ್ಲಾಂದ್ರೆ ಕರೆಂಟ್ ಹರಿಯಲ್ಲ.

ಚಿಕ್ಕಪ್ಪನಿಗೆ ‘ಹೊಳಪು ಬೇಡ’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ‘ನಲವತ್ತು ವರ್ಷ ಹೊಳಪು ಬರ್ಸೋದೇ ಕಲ್ತಿದ್ದೀನಿ ಕಣಪ್ಪ. ತೆಗ್ಯೋದು ನಂಗೆ ಬರಲ್ಲ’ ಅಂದ್ರು. ಬೇಜಾರಾಗಿತ್ತು ಅವರಿಗೆ, ಗೊತ್ತಾಯ್ತು.

ಪರಿಹಾರ ಆಕಸ್ಮಿಕವಾಗಿ ಸಿಕ್ತು. ಹಳಿ ಒರೆಸೋಕೆ ನಾನು ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸ್ತೀನಿ. ಆ ಬಟ್ಟೆ ಒಂದು ಬೊಂಬೆಗೆ ತಾಗಿ ಕೆಂಪು ಅಂಗಿ ಬಟ್ಟೆಗೆ ಅಂಟ್ಕೊಂಡು ಬಂತು. ಅರಗು ನೀರಲ್ಲಿ ಕರಗಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತೆ. ಮರೆತಿದ್ದೆ. ಆದರೆ ಉಳಿದ ಬಣ್ಣ ನೋಡಿ! ಹತ್ತು ವರ್ಷ ಒಗೆದು ಮಾಸಿದ ಅಂಗಿ ಥರ ಇತ್ತು. ಇಯರ್‌ಬಡ್‌ಗೆ ಒಂದೇ ಹನಿ ಹಾಕಿ ಮೃದುವಾಗಿ ಒರೆಸಿದ್ರೆ ಹೊಳಪು ಹೋಗುತ್ತೆ, ಬಣ್ಣ ಮಾಸುತ್ತೆ. ಚಿಕ್ಕಪ್ಪನ್ನ ಕರೆದು ತೋರಿಸಿದೆ. ಅವರು ತಾವೇ ಇಯರ್‌ಬಡ್ ತಗೊಂಡು ಉಳಿದ ಐದು ಜನರನ್ನ ಒರೆಸಿದ್ರು. ಒಬ್ಬ ಹೆಂಗಸನ್ನ ಮಾತ್ರ ಬಿಟ್ರು. ‘ಇವಳು ಮದುವೆಗೆ ಹೋಗ್ತಿದ್ದಾಳೆ, ಹೊಸ ಸೀರೆ’ ಅಂದ್ರು. ಅವಳು ಈಗ್ಲೂ ಹೊಳೀತಾಳೆ. ಒಬ್ಬಳೇ ಹೊಳೆಯೋದ್ರಿಂದ ಕಣ್ಣಿಗೆ ತಪ್ಪು ಅನ್ಸಲ್ಲ.

ಶಟರ್ ತೆಗೀಬೇಕಾ, ಮುಚ್ಚಬೇಕಾ?

ಕೊನೆಗೆ ಉಳಿದಿದ್ದು ರಸ್ತೆ ಬದಿಯ ಐದು ಬೊಂಬೆ ಅಂಗಡಿ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಅದು ರಾಮನಗರ, ಚನ್ನಪಟ್ಟಣ ಎರಡನ್ನೂ ಬೈಪಾಸ್ ಮಾಡುತ್ತೆ. ನಿಮ್ಮಲ್ಲಿ ತುಂಬಾ ಜನ ಅದ್ರಲ್ಲೇ ಮೈಸೂರಿಗೆ ಹೋಗ್ತೀರ, ನಾನೂ ಹೋಗ್ತೀನಿ, ಬೇಗ ತಲುಪ್ತೀವಿ. ಆದರೆ ಹಳೇ ರಸ್ತೆಯಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಬೊಂಬೆ ಕೊಡಿಸ್ತಿದ್ದವರೂ ಮೇಲಿಂದಲೇ ಹೋಗ್ತಾರೆ. ರಸ್ತೆ ಬದಿ ಅಂಗಡಿಗಳ ವ್ಯಾಪಾರ ಬಿತ್ತು. ಚಿಕ್ಕಪ್ಪ ಮಾಲು ಕೊಡ್ತಿದ್ದ ಅಂಗಡಿಯೂ ಅದ್ರಲ್ಲಿ ಒಂದು.

ನಾನು ಮಾಡ್ತಿರೋದು ಇವತ್ತಿನ ಊರು ಅಂತ ತೀರ್ಮಾನ ಮಾಡಿದ್ದೆ. ಹಾಗಾಗಿ ಐದರಲ್ಲಿ ಮೂರು ಶಟರ್ ಮುಚ್ಚಿ, ತುಕ್ಕಿನ ಬಣ್ಣ ಹಚ್ಚಿ, ಕೆಳಗೆ ಧೂಳು ಕೂರಿಸಿದೆ. ಶಟರ್ ಮಾಡೋದು ಸುಲಭ: ರಟ್ಟಿನ ಡಬ್ಬದ ಮೇಲ್ಪದರ ನೆನೆಸಿ ಕಿತ್ರೆ ಒಳಗಿನ ಅಲೆ ಅಲೆ ಕಾಗದ ಸಿಗುತ್ತೆ. ಫೋಟೊ ತೆಗೆದೆ. ನಿಜ ಹೇಳ್ತೀನಿ, ಬಹಳ ಚೆನ್ನಾಗಿ ಬಂದಿತ್ತು. ಮಾಡೆಲ್ ಮಾಡೋರಿಗೆ ತುಕ್ಕು, ಪಾಳು, ಬಿರುಕು ಅಂದ್ರೆ ಪ್ರಾಣ. ಅದು ಅಭ್ಯಾಸ ಆಗಿಬಿಡುತ್ತೆ.

ಚಿಕ್ಕಪ್ಪ ನೋಡಿದ್ರು. ‘ಮುಚ್ಚಿದ್ದು ಚೆನ್ನಾಗಿ ಕಾಣುತ್ತೆ ಅಂತ ಮುಚ್ಚಿದ್ಯೋ, ನಿಜವಾಗ್ಲೂ ಮುಚ್ಚಿದೆ ಅಂತ ಮುಚ್ಚಿದ್ಯೋ?’

ಉತ್ತರ ಇರಲಿಲ್ಲ. ಮಾರನೇ ದಿನ ಹೋಗಿ ಅದೇ ಸಾಲನ್ನ ಎಣಿಸಿದೆ. ಒಂದು ಮುಚ್ಚಿತ್ತು. ಒಂದು ಅರ್ಧ ತೆಗೆದಿತ್ತು, ಒಳಗೆ ಪ್ಯಾಕಿಂಗ್ ನಡೀತಿತ್ತು, ಆನ್‌ಲೈನ್ ಆರ್ಡರ್. ಉಳಿದ ಮೂರು ತೆಗೆದಿದ್ವು, ಗಿರಾಕಿ ಮಾತ್ರ ಇರಲಿಲ್ಲ. ನಾನು ಬಣ್ಣದ ಆಸೆಗೆ ಎರಡು ಅಂಗಡಿ ಹೆಚ್ಚಿಗೆ ಮುಚ್ಚಿದ್ದೆ. ವಾಪಸ್ ಬಂದು ಶಟರ್ ಕಿತ್ತೆ. ಅರ್ಧ ಶಟರಿನ ಕೆಳಗೆ ಪುಟ್ಟ ಪುಟ್ಟ ರಟ್ಟಿನ ಡಬ್ಬ ಜೋಡಿಸಿದೆ. ತೆರೆದ ಅಂಗಡಿ ಮುಂದೆ ಚಿಕ್ಕಪ್ಪ ಕಡೆದುಕೊಟ್ಟ ಒಂದು ಸ್ಟೂಲ್, ಅದರ ಮೇಲೆ ರಸ್ತೆ ನೋಡ್ತಾ ಕೂತಿರೋ ಒಬ್ಬ.

ಈ ಕೆಲಸದಿಂದ ನಾನು ಕಲಿತಿದ್ದು ಅಷ್ಟೇ. ನೆನಪಿನಿಂದ ಮಾಡ್ಬೇಡಿ, ಹೋಗಿ ನೋಡಿ ಮಾಡಿ. ಬೆಟ್ಟ ಬೂದು ಅಂತ ನೆನಪಿತ್ತು, ಅಂಗಡಿ ಮುಚ್ಚಿದೆ ಅಂತ ನೆನಪಿತ್ತು. ಎರಡೂ ತಪ್ಪು.

ನೀವು ಶುರು ಮಾಡೋದಾದ್ರೆ

ರೈಲು ತಗೋಬೇಡಿ. ಮೊದಲು ಒಂದು ಅಡಿ ಉದ್ದ, ಒಂದು ಅಡಿ ಅಗಲದ ರಟ್ಟು ತಗೊಳ್ಳಿ. ನಿಮಗೆ ನಡೆದು ಹೋಗಿ ನೋಡೋಕಾಗೋ ಒಂದು ಜಾಗ ಆರಿಸಿ: ಬಸ್ ಸ್ಟಾಪ್, ಅರಳಿಕಟ್ಟೆ, ಹಾಲಿನ ಡೈರಿ. ಫೋನಲ್ಲಿ ಇಪ್ಪತ್ತು ಫೋಟೊ ತೆಗೀರಿ, ಎರಡು ಫೋಟೊ ನೆಲದ್ದೇ ಇರಲಿ. ಹತ್ತಿರದ ಮರಗೆಲಸದ ಅಂಗಡಿಯಲ್ಲಿ ಹೊಟ್ಟು ಫ್ರೀಯಾಗಿ ಸಿಗುತ್ತೆ. ಫೆವಿಕಾಲ್, ಐದು ಅಕ್ರಿಲಿಕ್ ಬಣ್ಣ, ಎರಡು ಕುಂಚ. ಆರು ತಿಂಗಳಾದ ಮೇಲೂ ಆಸೆ ಇದ್ರೆ ಹಳಿ ಹಾಕಿ. ದೊಡ್ಡ ಲೇಔಟ್ ನೋಡ್ಬೇಕು ಅನ್ನೋರಿಗೆ ಪುಣೆಯಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ನಿಜವಾದ ಹಳೇ ಇಂಜಿನ್, ಬೋಗಿಗಳ ಬಣ್ಣ ಹತ್ತಿರದಿಂದ ನೋಡೋಕೆ ಮೈಸೂರಿನ ರೈಲು ಮ್ಯೂಸಿಯಂ ಸಾಕು.

ಮೈಸೂರಿಗೆ ಹೋಗೋವಾಗ ಒಂದು ಸಲ ಹಳೇ ರಸ್ತೆಯಲ್ಲಿ ಹೋಗಿ, ಅಥವಾ ಪ್ಯಾಸೆಂಜರ್ ರೈಲಲ್ಲಿ ಹೋಗಿ ಚನ್ನಪಟ್ಟಣದಲ್ಲಿ ಇಳೀರಿ. ಸ್ಟೂಲ್ ಮೇಲೆ ಕೂತವರು ಇನ್ನೂ ಇದ್ದಾರೆ.